ಕಾರಣ ಸಿಗದ ಹೊಟ್ಟೆನೋವು: ಒಂದು ಮನೆಯ ಪ್ರಕರಣ

ಒಂಬತ್ತು ವರ್ಷದ ಹುಡುಗಿ. ಚೆನ್ನಾಗಿ ಬೆಳೆಯುತ್ತಿದ್ದವಳು, ಶಾಲೆ ಅಂದರೆ ಇಷ್ಟಪಡುವವಳು, ಮಾತು ಸ್ವಲ್ಪ ಜಾಸ್ತಿ. ಒಂದು ದಿನ ಅವಳಿಗೆ ಹೊಕ್ಕುಳ ಸುತ್ತ ನೋವು ಶುರುವಾಯಿತು. ಅದು ಹೋಯಿತು, ಮತ್ತೆ ಬಂತು. ಕೆಲವೊಮ್ಮೆ ಬೆಳಿಗ್ಗೆ, ಕೆಲವೊಮ್ಮೆ ಮಧ್ಯಾಹ್ನ. ಬಂದಾಗ ಮಂಡಿ ಮಡಚಿಕೊಂಡು ಮಲಗುತ್ತಿದ್ದಳು. ಹೋದ ಮೇಲೆ ಏನೂ ಆಗದವಳ ಹಾಗೆ ಎದ್ದು ಆಡುತ್ತಿದ್ದಳು. ಜ್ವರ ಇಲ್ಲ, ವಾಂತಿ ಇಲ್ಲ, ತೂಕ ಇಳಿದಿಲ್ಲ.

ಇದು ಆ ನೋವಿನ ಬಗ್ಗೆ ಬರೆದದ್ದು ಅನ್ನುವುದಕ್ಕಿಂತ, ನೋವಿನ ಮುಂದೆ ಅವಳ ಅಪ್ಪ ಅಮ್ಮ ಏನು ಮಾಡಿದರು ಅನ್ನುವುದರ ಬಗ್ಗೆ ಬರೆದದ್ದು. ಆ ಮನೆಯವರು ನನಗೆ ಪರಿಚಯದವರು. ಅವರ ಒಪ್ಪಿಗೆ ಇದೆ. ಗುರುತು ಹಿಡಿಯುವಂಥ ವಿವರಗಳನ್ನು ಬಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ, ಹಾಗಾಗಿ ಇದನ್ನು ಚಿಕಿತ್ಸೆಯ ಸಲಹೆ ಅಂತ ಯಾರೂ ಓದಬೇಡಿ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಅಪ್ಪನದು ಕೆಟ್ಟುಹೋದ ಯಂತ್ರಗಳ ದೋಷ ಹುಡುಕುವ ಕೆಲಸ. ಅಮ್ಮ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಾರೆ. ಅಂದರೆ ಉತ್ತರ ಕೊಡುವುದೇ ಇಬ್ಬರ ಉದ್ಯೋಗ. ಮನೆಯಲ್ಲೂ ಅದೇ ರೂಢಿ. ಮಗಳು ಏನೇ ಕೇಳಲಿ, ಇಬ್ಬರಲ್ಲಿ ಒಬ್ಬರು ತಡವರಿಸದೆ ಉತ್ತರ ಹೇಳುತ್ತಿದ್ದರು. ಅವಳಿಗೂ ಅದು ಹೆಮ್ಮೆ. ‘ನಮ್ಮಪ್ಪಂಗೆ ಎಲ್ಲಾ ಗೊತ್ತು’ ಅಂತ ಗೆಳತಿಯರ ಹತ್ತಿರ ಹೇಳಿಕೊಳ್ಳುತ್ತಿದ್ದಳಂತೆ.

ಉತ್ತರಗಳ ಸಾಲು

ಮೊದಲ ಉತ್ತರ ಅಪ್ಪನದು. ಹಾಲು ಕುಡಿದ ದಿನ ನೋವು ಬಂದದ್ದನ್ನು ಅವರು ಗಮನಿಸಿದ್ದರು. ಹಾಲು ನಿಲ್ಲಿಸಿದರು. ಒಂದು ವಾರ ನೋವು ಬರಲಿಲ್ಲ. ‘ಸಿಕ್ತು ನೋಡು, ಹಾಲೇ ಕಾರಣ. ಇನ್ಮೇಲೆ ನಿಂಗೆ ಹೊಟ್ಟೆನೋವು ಬರಲ್ಲ’ ಅಂದರು. ಮುಂದಿನ ವಾರ ನೋವು ಬಂತು, ಮೊದಲಿಗಿಂತ ಜೋರಾಗಿ.

ಆಮೇಲೆ ಗೋಧಿ ನಿಂತಿತು. ಅಲ್ಲೂ ಅದೇ ಕಥೆ. ಕೆಲವು ದಿನ ಆರಾಮ, ಗೆದ್ದ ಖುಷಿ, ಮತ್ತೆ ನೋವು. ಜಂತುಹುಳದ ಮಾತ್ರೆ ಕೊಟ್ಟರು. ಗ್ಯಾಸ್ ಅಂದರು. ‘ಗ್ಯಾಸ್ ಅಂದ್ರೆ ಎಲ್ಲಿಂದ ಬರುತ್ತೆ? ಗ್ಯಾಸ್ ಇದ್ರೆ ಯಾಕೆ ನೋಯುತ್ತೆ?’ ಅಂತ ಮಗಳು ಕೇಳಿದಳು. ಅಪ್ಪ ಶುರುಮಾಡಿದರು, ಎರಡನೇ ವಾಕ್ಯಕ್ಕೇ ನಿಂತುಬಿಟ್ಟರು.

ಹೀಗೆ ನಿಲ್ಲುವುದು ಅವರೊಬ್ಬರ ಪಾಡಲ್ಲ. ಲಿಯೊನಿಡ್ ರೋಜನ್‌ಬ್ಲಿಟ್ ಮತ್ತು ಫ್ರಾಂಕ್ ಕೀಲ್ ಅನ್ನುವ ಮನಶ್ಶಾಸ್ತ್ರಜ್ಞರು 2002ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಝಿಪ್ಪರ್, ಬೀಗದಂಥ ದಿನಬಳಕೆಯ ವಸ್ತುಗಳು ಹೇಗೆ ಕೆಲಸ ಮಾಡುತ್ತವೆ ಅನ್ನುವುದು ನಿಮಗೆ ಎಷ್ಟು ಗೊತ್ತು ಅಂತ ದೊಡ್ಡವರನ್ನು ಕೇಳಿದರು. ಚೆನ್ನಾಗಿ ಗೊತ್ತು ಅಂತ ಅಂಕ ಕೊಟ್ಟುಕೊಂಡವರು, ಹಂತ ಹಂತವಾಗಿ ವಿವರಿಸಿ ಅಂದ ಕೂಡಲೇ ತಮ್ಮ ಅಂಕವನ್ನು ತಾವೇ ಇಳಿಸಿಕೊಂಡರು. ನಮಗೆ ಗೊತ್ತಿದೆ ಅನ್ನಿಸುವುದೇ ಬೇರೆ, ಗೊತ್ತಿರುವುದೇ ಬೇರೆ. ಮಕ್ಕಳು ‘ಯಾಕೆ’ ಅಂತ ಎರಡನೇ ಸಲ ಕೇಳಿದಾಗ ನಮಗೆ ಸಿಟ್ಟು ಬರುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಗುಮಾನಿ.

ಈ ನೋವಿನ ಸ್ವಭಾವವೂ ಅಪ್ಪನಿಗೆ ಮೋಸ ಮಾಡಿತು. ಅದು ಅಲೆಯಂತೆ ಏರಿ ಇಳಿಯುವ ನೋವು. ತುಂಬ ಜಾಸ್ತಿಯಾದಾಗಲೇ ಮನೆಯವರು ಹೊಸದೇನನ್ನೋ ಮಾಡುತ್ತಾರೆ. ಆ ಹೊತ್ತಿಗೆ ಅದು ತಾನಾಗಿ ಇಳಿಯುವ ಸಮಯ ಬಂದಿರುತ್ತದೆ. ಇಳಿದದ್ದರ ಕೀರ್ತಿ ನಾವು ಮಾಡಿದ್ದಕ್ಕೆ ಹೋಗುತ್ತದೆ. ಯಂತ್ರದಲ್ಲಿ ದೋಷ ಹುಡುಕುವವರಿಗೆ ಇದು ಗೊತ್ತಿರಬೇಕಿತ್ತು ಅನ್ನಬಹುದು. ಆದರೆ ಯಂತ್ರ ಮಂಡಿ ಮಡಚಿಕೊಂಡು ಅಳುವುದಿಲ್ಲವಲ್ಲ.

ಅಮ್ಮನ ಉತ್ತರ ಶಾಲೆ. ಹೊಟ್ಟೆಯಲ್ಲಿ ಏನೂ ಇಲ್ಲ ಅಂದರೆ ಮನಸ್ಸಿನಲ್ಲಿ ಏನೋ ಇದೆ ಅನ್ನುವ ತರ್ಕ. ‘ಯಾರಾದ್ರೂ ಏನಾದ್ರೂ ಅಂದ್ರಾ? ಟೀಚರ್ ಬೈದ್ರಾ? ಯಾರಾದ್ರೂ ಹೊಡೆದ್ರಾ?’ ರಾತ್ರಿ ಮಲಗುವಾಗ ದಿನವೂ ಇದೇ ಪ್ರಶ್ನೆಗಳು. ಮಗಳು ಇಲ್ಲ ಅಂದಳು. ಮತ್ತೆ ಕೇಳಿದರು. ಇಲ್ಲ ಅಂದಳು. ಕೊನೆಗೆ ಒಂದು ದಿನ ಒಬ್ಬ ಸಹಪಾಠಿಯ ಹೆಸರು ಹೇಳಿದಳು.

ಅಮ್ಮನಿಗೆ ಒಳಗೇ ಒಂದು ಸಮಾಧಾನ. ಮರುದಿನವೇ ಟೀಚರ್ ಹತ್ತಿರ ಮಾತಾಡಿದರು. ಟೀಚರ್ ಆ ಹುಡುಗನನ್ನು ಕರೆದು ವಿಚಾರಿಸಿದರು. ಅವನು ಕಣ್ಣೀರಿಟ್ಟ. ಅವನು ಏನೂ ಮಾಡಿರಲಿಲ್ಲ. ಹಿಂದೆಂದೋ ಒಂದು ಸಲ ಪೆನ್ಸಿಲ್ ವಿಷಯಕ್ಕೆ ಜಗಳ ಆಡಿದ್ದನಷ್ಟೇ. ‘ಮತ್ತೆ ಯಾಕೆ ಅವನ ಹೆಸರು ಹೇಳಿದೆ?’ ಅಂತ ಅಮ್ಮ ಗದರಿದಾಗ ಮಗಳು ಹೇಳಿದ ಮಾತು ಇದು: ‘ನೀನು ದಿನಾ ಕೇಳ್ತಿದ್ದೆ. ಏನಾದ್ರೂ ಹೇಳ್ಬೇಕಿತ್ತು.’

ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ಮಾತು. ಉತ್ತರ ಬೇಕಾಗಿದ್ದದ್ದು ಮಗುವಿಗಲ್ಲ. ದೊಡ್ಡವರಿಗೆ ಬೇಕಾಗಿತ್ತು. ಅವರ ಚಡಪಡಿಕೆ ನೋಡಲಾರದೆ ಮಗು ಒಂದು ಉತ್ತರವನ್ನು ತಯಾರುಮಾಡಿ ಕೊಟ್ಟಿತು. ಅದರ ಬೆಲೆ ತೆತ್ತದ್ದು ಮೂರನೆಯ ಮಗು. ಮಕ್ಕಳನ್ನು ಕೇಳಲೇಬಾರದು ಅಂತ ನಾನು ಹೇಳುತ್ತಿಲ್ಲ. ಶಾಲೆಯಲ್ಲಿ ಕಿರುಕುಳ ನಿಜವಾಗಿ ನಡೆಯುತ್ತದೆ, ಹೊಟ್ಟೆನೋವಾಗಿ ಹೊರಗೆ ಬರುವುದೂ ಇದೆ. ಆದರೆ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಾ ಹೋದರೆ ಸಿಗುವುದು ಕೇಳುವವರಿಗೆ ಬೇಕಾದ ಉತ್ತರ.

ಅಜ್ಜಿಯದು ಬೇರೆಯೇ ತೀರ್ಮಾನ. ‘ಸ್ಕೂಲಿಗೆ ಚಕ್ಕರ್ ಹೊಡೆಯೋ ನಾಟಕ ಇದು. ನೀವು ಮುದ್ದು ಮಾಡಿ ಕೆಡಿಸಿದ್ದೀರಿ.’ ಭಾನುವಾರವೂ ನೋವು ಬರುತ್ತೆ ಅಮ್ಮಾ ಅಂತ ಮಗ ಹೇಳಿದರೂ ಅವರು ಒಪ್ಪಲಿಲ್ಲ. ಮೂರು ಜನ ದೊಡ್ಡವರು, ಮೂರು ಖಚಿತ ಉತ್ತರ. ನಡುವೆ ಹುಡುಗಿ.

ನಾರ್ಮಲ್ ಅಂದ್ರೆ ಯಾಕೆ ಬೇಜಾರು?

ರಕ್ತ, ಮೂತ್ರ, ಮಲ ಪರೀಕ್ಷೆ ಆಯಿತು. ಹೊಟ್ಟೆಯ ಸ್ಕ್ಯಾನಿಂಗ್ ಆಯಿತು. ಎಲ್ಲ ನಾರ್ಮಲ್. ಪ್ರತಿ ರಿಪೋರ್ಟ್ ಬಂದಾಗಲೂ ಅಪ್ಪನ ಮುಖ ಸಣ್ಣದಾಗುತ್ತಿತ್ತು. ಏನಾದರೂ ಸಿಕ್ಕಿದ್ದರೆ ಅದನ್ನು ಸರಿಮಾಡಬಹುದಿತ್ತು, ಸಿಗದೆ ಇದ್ದರೆ ಏನು ಮಾಡುವುದು ಅನ್ನುವ ಚಿಂತೆ ಅವರದು. ಮಗಳಿಗೆ ಅದು ಹೇಗೆ ತಿಳಿಯಬೇಕು? ಅವಳು ಕಂಡದ್ದು ಇಷ್ಟೇ: ರಿಪೋರ್ಟ್ ಚೆನ್ನಾಗಿದೆ ಅಂತ ಬಾಯಿ ಹೇಳುತ್ತಿದೆ, ಮುಖ ಬೇರೆ ಹೇಳುತ್ತಿದೆ. ಅಡುಗೆಮನೆಯಲ್ಲಿ ಇಬ್ಬರೂ ಪಿಸುಪಿಸು ಮಾತಾಡುತ್ತಾರೆ. ತಾನು ಹೋದ ಕೂಡಲೇ ಮಾತು ನಿಲ್ಲುತ್ತದೆ.

ಒಂದು ರಾತ್ರಿ ಕೇಳಿದಳು. ‘ನಂಗೆ ಏನೋ ದೊಡ್ಡ ಕಾಯಿಲೆ ಇದೆ ಅಲ್ವಾ ಅಮ್ಮಾ? ನೀವು ಹೇಳ್ತಿಲ್ಲ.’

‘ಏನೂ ಇಲ್ಲ ಕಂದಾ. ಹೆದರಬೇಡ. ಏನೂ ಆಗಲ್ಲ.’

ಯಾವ ತಾಯಿಯೂ ಹೇಳುವ ಮಾತು ಇದು. ಆದರೆ ಮಕ್ಕಳ ಕಿವಿಗೆ ಇದು ಹೇಗೆ ಕೇಳಿಸುತ್ತದೆ ಅನ್ನುವುದರ ಬಗ್ಗೆ ಮೆಗ್ ಮೆಕ್‌ಮರ್ಟ್ರಿ ಮತ್ತು ಜೊತೆಗಾರರ ಒಂದು ಅಧ್ಯಯನ 2010ರಲ್ಲಿ ಬಂತು. ರಕ್ತ ತೆಗೆಸಿಕೊಳ್ಳಲು ಬಂದಿದ್ದ 5ರಿಂದ 10 ವರ್ಷದ 100 ಮಕ್ಕಳು ಅದರಲ್ಲಿದ್ದರು. ‘ಹೆದರಬೇಡ, ಏನೂ ಆಗಲ್ಲ’ ಅಂತ ಸಮಾಧಾನ ಹೇಳುವ ತಂದೆತಾಯಿ ಮತ್ತು ಬೇರೆ ಏನಾದರೂ ಮಾತಾಡಿ ಗಮನ ಬದಲಿಸುವ ತಂದೆತಾಯಿ, ಇವರಲ್ಲಿ ಯಾರಿಗೆ ಜಾಸ್ತಿ ಭಯ ಆಗಿದೆ ಅನ್ನಿಸುತ್ತದೆ ಅನ್ನುವುದನ್ನು ಆ ಮಕ್ಕಳಿಂದಲೇ ತಿಳಿದುಕೊಂಡರು. ಸಮಾಧಾನ ಹೇಳುವವರಿಗೇ ಜಾಸ್ತಿ ಭಯ ಅಂತ ಮಕ್ಕಳು ಕಂಡರು. ಅಂದರೆ ‘ಹೆದರಬೇಡ’ ಅನ್ನುವುದು ಮಗುವಿಗೆ ‘ಅಮ್ಮ ಹೆದರಿದ್ದಾಳೆ’ ಅಂತ ತಲುಪಬಹುದು.

ನಮ್ಮ ಹುಡುಗಿಗೆ ಹಾಗೇ ತಲುಪಿತ್ತು. ಆಮೇಲಿನ ದಿನಗಳಲ್ಲಿ ಅವಳು ಬೇರೆ ವಿಷಯಗಳಲ್ಲೂ ಅಪ್ಪ ಅಮ್ಮನ ಮಾತನ್ನು ಪರೀಕ್ಷೆ ಮಾಡತೊಡಗಿದಳು. ಬಸ್ ಎಷ್ಟು ಗಂಟೆಗೆ ಬರುತ್ತೆ ಅಂತ ಅಮ್ಮ ಹೇಳಿದರೂ ಪಕ್ಕದ ಮನೆಯವರನ್ನು ಕೇಳುತ್ತಿದ್ದಳು. ಅಪ್ಪ ಹೇಳಿಕೊಟ್ಟ ಲೆಕ್ಕವನ್ನು ಟೀಚರ್ ಸರಿ ಅಂದ ಮೇಲೇ ಬರೆದುಕೊಳ್ಳುತ್ತಿದ್ದಳು. ಅಪ್ಪನಿಗೆ ಇದು ತುಂಬ ನೋವು ಕೊಟ್ಟಿತು. ಅವಮಾನ ಅಂತಲೇ ಅವರು ಹೇಳಿದರು.

ಅವಳು ಮಾಡಿದ್ದು ಅವಿಧೇಯತೆ ಅಲ್ಲ, ಜಾಣತನ. ಮೆಲಿಸ್ಸಾ ಕೋನಿಗ್ ಮತ್ತು ಪಾಲ್ ಹ್ಯಾರಿಸ್ 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ನಾಲ್ಕು ವರ್ಷದ ಮಕ್ಕಳೇ ಯಾರು ಹಿಂದೆ ತಪ್ಪು ಹೇಳಿದ್ದರು ಅನ್ನುವುದನ್ನು ನೆನಪಿಟ್ಟುಕೊಂಡು, ಹೊಸ ವಿಷಯ ಕಲಿಯಲು ಸರಿ ಹೇಳಿದವರ ಕಡೆಗೆ ತಿರುಗಿದರು. ಒಂಬತ್ತರ ಹುಡುಗಿ ಹಾಲು, ಗೋಧಿ, ಹುಳು, ಗ್ಯಾಸ್, ಸಹಪಾಠಿ ಎಲ್ಲದರ ಲೆಕ್ಕ ಇಟ್ಟಿದ್ದರೆ ಆಶ್ಚರ್ಯವೇನು?

ಅದೇ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿಯೂ ಇದೆ. ಅದನ್ನು ಯಾರೂ ಅಷ್ಟಾಗಿ ಎತ್ತಿ ಹೇಳುವುದಿಲ್ಲ. ‘ನನಗೆ ಗೊತ್ತಿಲ್ಲ’ ಅನ್ನುತ್ತಿದ್ದವರ ಮೇಲೂ ಮಕ್ಕಳು ಅಷ್ಟು ಭರವಸೆ ಇಡಲಿಲ್ಲ. ಗೊತ್ತಿರುವವರನ್ನೇ ಆರಿಸಿಕೊಂಡರು. ಹಾಗಾಗಿ ‘ಗೊತ್ತಿಲ್ಲ ಅಂದುಬಿಡಿ, ಎಲ್ಲ ಸರಿಹೋಗುತ್ತೆ’ ಅನ್ನುವ ಸಲಹೆಯನ್ನು ನಾನು ಸುಲಭವಾಗಿ ಒಪ್ಪುವುದಿಲ್ಲ. ಈ ಮನೆಯಲ್ಲಿ ಮುಂದೆ ನಡೆದದ್ದೂ ಅದನ್ನೇ ತೋರಿಸುತ್ತದೆ.

ಡಾಕ್ಟರ್ ಹೇಳಿದ್ದು

ಮಕ್ಕಳ ಹೊಟ್ಟೆಯ ಕಾಯಿಲೆ ನೋಡುವ ಡಾಕ್ಟರ್ ಹತ್ತಿರ ಹೋದರು. ಅವರು ಮಾಡಿದ ಮೊದಲ ಕೆಲಸ ಹುಡುಗಿಯ ಕಡೆಗೆ ಕುರ್ಚಿ ತಿರುಗಿಸಿಕೊಂಡದ್ದು. ಎಲ್ಲಿ ನೋಯುತ್ತೆ ಅಂತ ಒಂದೇ ಬೆರಳಲ್ಲಿ ತೋರಿಸು ಅಂದರು. ಅವಳು ಹೊಕ್ಕುಳ ತೋರಿಸಿದಳು. ಹೊಕ್ಕುಳಿನಿಂದ ನೋವು ದೂರ ಇದ್ದಷ್ಟೂ ಡಾಕ್ಟರ್‌ಗಳು ಜಾಸ್ತಿ ಎಚ್ಚರ ವಹಿಸುತ್ತಾರೆ. ನಿದ್ದೆಯಿಂದ ಎಬ್ಬಿಸುವ ನೋವು, ಮಲದಲ್ಲಿ ರಕ್ತ, ನಿಲ್ಲದ ವಾಂತಿ ಅಥವಾ ಭೇದಿ, ಕಾರಣ ತಿಳಿಯದ ಜ್ವರ, ತೂಕ ಇಳಿಯುವುದು, ಎತ್ತರ ಬೆಳೆಯುವುದು ನಿಧಾನವಾಗುವುದು, ಮನೆಯಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ ಇರುವುದು, ಇವೆಲ್ಲ ಇನ್ನಷ್ಟು ಹುಡುಕಬೇಕು ಅನ್ನುವ ಸೂಚನೆಗಳು. ಒಂದೊಂದಾಗಿ ಕೇಳಿದರು. ಯಾವುದೂ ಇರಲಿಲ್ಲ.

ಒಂದು ವಿಷಯಕ್ಕೆ ಮಾತ್ರ ಹುಬ್ಬು ಗಂಟಿಕ್ಕಿದರು. ಗೋಧಿ ಒಗ್ಗದೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಗೆ ರಕ್ತ ಪರೀಕ್ಷೆ ಮಾಡಿಸಬೇಕಿತ್ತು. ಆದರೆ ಗೋಧಿ ತಿನ್ನುವುದನ್ನು ನಿಲ್ಲಿಸಿದ್ದರೆ ಕಾಯಿಲೆ ಇದ್ದರೂ ಆ ಪರೀಕ್ಷೆಯಲ್ಲಿ ಗೊತ್ತಾಗದೆ ಹೋಗಬಹುದು. ಮತ್ತೆ ಕೆಲವು ವಾರ ಗೋಧಿ ತಿನ್ನಿಸಿ ಆಮೇಲೆ ಬನ್ನಿ ಅಂದರು. ಅಪ್ಪನ ಖಚಿತ ಉತ್ತರ ನಿಜವಾದ ಉತ್ತರಕ್ಕೇ ಅಡ್ಡ ನಿಂತಿತ್ತು. ಕೊನೆಗೆ ಆ ಪರೀಕ್ಷೆಯೂ ನೆಗೆಟಿವ್ ಬಂತು.

ಆಮೇಲೆ ಡಾಕ್ಟರ್ ಹುಡುಗಿಗೆ ಹೇಳಿದ ಮಾತನ್ನು ಅಮ್ಮ ಬರೆದಿಟ್ಟುಕೊಂಡಿದ್ದಾರೆ. ‘ನಿನ್ನ ನೋವು ನಿಜ. ನೀನು ಸುಳ್ಳು ಹೇಳ್ತಿಲ್ಲ ಅಂತ ನಂಗೆ ಗೊತ್ತು. ಇದೇ ವಸ್ತುವಿನಿಂದ ಬರ್ತಿದೆ ಅಂತ ನಾನು ಬೆರಳು ತೋರಿಸೋಕೆ ಆಗಲ್ಲ. ಆದ್ರೆ ಯಾವ್ಯಾವುದಕ್ಕೆ ಹೆದರಬೇಕಿತ್ತೋ ಅದನ್ನೆಲ್ಲ ಹುಡುಕಿದೀವಿ, ಅವು ಇಲ್ಲ. ನಿನ್ನ ಹೊಟ್ಟೆಯ ನರಗಳು ಕಳ್ಳ ಬರದೇ ಇದ್ರೂ ಬಡಿದುಕೊಳ್ಳೋ ಅಲಾರಂ ಥರ ಆಗಿವೆ. ಅದನ್ನ ನಿಧಾನಕ್ಕೆ ಸುಮ್ಮನಾಗಿಸಬಹುದು.’

ಇದಕ್ಕೆ ವೈದ್ಯರು ಕೊಟ್ಟಿರುವ ಹೆಸರು ಫಂಕ್ಷನಲ್ ಹೊಟ್ಟೆನೋವು. ಕರುಳಿನ ಗೋಡೆಯಲ್ಲೇ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ಅವುಗಳಿಗೂ ಮೆದುಳಿಗೂ ಸದಾ ಮಾತುಕತೆ ನಡೆಯುತ್ತಿರುತ್ತದೆ. ಕೆಲವು ಮಕ್ಕಳಲ್ಲಿ ಕರುಳು ಮಾಮೂಲಿಯಾಗಿ ಹಿಗ್ಗಿದರೂ ಅದು ನೋವಾಗಿ ಮೆದುಳಿಗೆ ಮುಟ್ಟುತ್ತದೆ. ಆತಂಕ ಅದನ್ನು ಜಾಸ್ತಿ ಮಾಡಬಹುದು, ಆದರೆ ಆತಂಕವೇ ಕಾರಣ ಅಂತ ಹೇಳಲಾಗದು. ನೋವು ತಿಂಗಳಿಗೆ ಕನಿಷ್ಠ 4 ಸಲದಂತೆ 2 ತಿಂಗಳಾದರೂ ಬಂದಿರಬೇಕು, ತಕ್ಕ ತಪಾಸಣೆಯ ನಂತರವೂ ಬೇರೆ ಕಾಯಿಲೆ ಕಾರಣ ಅಂತ ಹೇಳಲು ಆಗಬಾರದು. ಇಂಥ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ, 2016ರಲ್ಲಿ ಪ್ರಕಟವಾದ ರೋಮ್ 4 ಮಾನದಂಡ ಹೀಗೆ ಹೇಳುತ್ತದೆ.

ಹೊಸ ಕಾಯಿಲೆಯೂ ಅಲ್ಲ ಇದು. ಬ್ರಿಟನ್ನಿನ ಮಕ್ಕಳ ವೈದ್ಯ ಜಾನ್ ಆಪ್ಲಿ ಮತ್ತು ನೋರಾ ನೇಯ್ಶ್ 1958ರಲ್ಲೇ 1,000 ಶಾಲಾ ಮಕ್ಕಳನ್ನು ನೋಡಿ ಬರೆದಿದ್ದರು. ಅವರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ ಹೀಗೆ ಮರುಕಳಿಸುವ ಹೊಟ್ಟೆನೋವಿತ್ತು. ಅಂದರೆ ಒಂದು ದೊಡ್ಡ ತರಗತಿಯಲ್ಲಿ ಇಂಥ ಮೂರ್ನಾಲ್ಕು ಮಕ್ಕಳು ಇರಬಹುದು.

ಹುಡುಗಿ ಆ ಕೋಣೆಯಿಂದ ಹಗುರಾಗಿ ಹೊರಗೆ ಬಂದಳು. ಅಪ್ಪ ಅಮ್ಮನಿಗೆ ಅದೇ ಅರ್ಥವಾಗಲಿಲ್ಲ. ‘ಡಾಕ್ಟರ್‌ಗೂ ಗೊತ್ತಿಲ್ಲ ಅಂದಮೇಲೆ ಇವಳಿಗೆ ಜಾಸ್ತಿ ಹೆದರಿಕೆ ಆಗ್ಬೇಕಿತ್ತಲ್ವಾ?’ ಅಂತ ಅಪ್ಪ ನನ್ನನ್ನು ಕೇಳಿದರು. ನನಗೆ ಕಾಣುವುದು ಹೀಗೆ. ಡಾಕ್ಟರ್ ತಮಗೆ ಗೊತ್ತಿಲ್ಲದ್ದಕ್ಕೆ ಒಂದು ಗಡಿ ಹಾಕಿ ತೋರಿಸಿದರು. ಇಲ್ಲಿಯವರೆಗೆ ಗೊತ್ತು, ಇಲ್ಲಿಂದ ಮುಂದೆ ಗೊತ್ತಿಲ್ಲ, ಆದರೂ ಮುಂದಿನ ಹೆಜ್ಜೆ ಇದು. ಮನೆಯಲ್ಲಿ ಆ ಗಡಿ ಇರಲಿಲ್ಲ. ಪಿಸುಮಾತಿನ ಹಿಂದೆ ಏನು ಬೇಕಾದರೂ ಇರಬಹುದಿತ್ತು.

ಇನ್ನೊಂದು ತುದಿಗೆ

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಅಪ್ಪ ಪಾಠ ಕಲಿತರು, ಆದರೆ ವಿಪರೀತವಾಗಿ ಕಲಿತರು. ಇನ್ನು ಮೇಲೆ ಸುಳ್ಳು ಭರವಸೆ ಕೊಡುವುದಿಲ್ಲ ಅಂತ ತೀರ್ಮಾನಿಸಿದರು. ಮಗಳು ಏನೇ ಕೇಳಲಿ, ‘ನಂಗೂ ಗೊತ್ತಿಲ್ಲ ಪುಟ್ಟೀ’ ಶುರುವಾಯಿತು. ನಾಳೆ ನೋವು ಬರುತ್ತಾ? ಗೊತ್ತಿಲ್ಲ. ಟೂರಿಗೆ ಹೋಗಬಹುದಾ? ಗೊತ್ತಿಲ್ಲ, ನಿಂಗೇನು ಅನ್ಸುತ್ತೆ? ಇವತ್ತು ಸ್ಕೂಲಿಗೆ ಹೋಗ್ಲಾ? ನೀನೇ ಹೇಳು, ನಿನ್ನ ಹೊಟ್ಟೆ ನಿಂಗೇ ಗೊತ್ತು.

ಕೇಳಲು ಚೆಂದ. ಮಗುವಿನ ಅನುಭವಕ್ಕೆ ಗೌರವ, ಪ್ರಾಮಾಣಿಕತೆ ಎಲ್ಲ ಇದೆ. ಆದರೆ ಕೆಲವೇ ವಾರಗಳಲ್ಲಿ ಬೆಳಗ್ಗೆ ಅನ್ನುವುದು ಆ ಮನೆಯಲ್ಲಿ ನರಕವಾಯಿತು. ಸಮವಸ್ತ್ರ ಹಾಕಿಕೊಳ್ಳುತ್ತಿದ್ದಳು, ಬಿಚ್ಚುತ್ತಿದ್ದಳು. ಬಾಗಿಲವರೆಗೆ ಹೋಗಿ ವಾಪಸ್ಸು ಬರುತ್ತಿದ್ದಳು. ಹೋಗದೆ ಇದ್ದರೆ ತಪ್ಪಿತಸ್ಥ ಭಾವ, ಹೋದರೆ ಅಲ್ಲಿ ನೋವು ಬಂದರೆ ಏನು ಅನ್ನುವ ಭಯ. ಶಾಲೆ ತಪ್ಪುವ ದಿನಗಳು ಜಾಸ್ತಿಯಾದವು. ‘ನಂದೇ ನಾಟಕ ಇರ್ಬಹುದಾ?’ ಅಂತ ಅಮ್ಮನ ಹತ್ತಿರ ಕೇಳಿದಳಂತೆ. ಅಜ್ಜಿಯ ಮಾತು ಒಳಗೆ ಹೋಗಿತ್ತು, ಅದನ್ನು ಹೊರಗೆ ಹಾಕುವವರು ಯಾರೂ ಇರಲಿಲ್ಲ.

ಅಪ್ಪ ಎರಡು ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ಹಾಕಿದ್ದರು. ನಾಳೆ ನೋವು ಬರುತ್ತದಾ ಅನ್ನುವುದು ನಿಜಕ್ಕೂ ಗೊತ್ತಿಲ್ಲದ ವಿಷಯ. ಇವತ್ತು ಶಾಲೆಗೆ ಹೋಗಬೇಕಾ ಅನ್ನುವುದು ತೀರ್ಮಾನ ಮಾಡಬೇಕಾದ ವಿಷಯ. ಎರಡನೆಯದಕ್ಕೆ ಪೂರ್ತಿ ಉತ್ತರ ಗೊತ್ತಿರಬೇಕಾಗಿಲ್ಲ. ಗೊತ್ತಿಲ್ಲದೆಯೂ ಒಬ್ಬರು ತೀರ್ಮಾನ ಹೊರಬೇಕು, ಅದು ತಪ್ಪಾದರೆ ಅದರ ಹೊಣೆಯನ್ನೂ ಹೊರಬೇಕು. ದೊಡ್ಡವರಾಗುವುದು ಅಂದರೆ ಹೆಚ್ಚುಪಾಲು ಇದೇ ಕೆಲಸ. ಎಲ್ಲ ತಿಳಿದ ಮೇಲೆ ತೀರ್ಮಾನ ಮಾಡುವ ಸುಖ ಯಾವ ತಂದೆತಾಯಿಗೂ ಇಲ್ಲ. ಆ ಭಾರವನ್ನು ಒಂಬತ್ತು ವರ್ಷದ ಹೆಗಲಿಗೆ ದಾಟಿಸಿದರೆ ಅದು ಪ್ರಾಮಾಣಿಕತೆಯ ವೇಷದಲ್ಲಿ ಬಂದ ಕೈಚೆಲ್ಲುವಿಕೆ. ಅಪ್ಪನಿಗೆ ನಾನು ಇದನ್ನು ಸ್ವಲ್ಪ ಮೃದುವಾಗಿ ಹೇಳಿದೆ.

ನಂಬಿಕೆಯ ವಿಷಯದಲ್ಲೂ ಇದೇ. ಮಗು ‘ಗೊತ್ತಿಲ್ಲ’ ಅನ್ನುವವರ ಮೇಲೆ ಭರವಸೆ ಇಡುವುದಿಲ್ಲ ಅನ್ನುವುದು ಹೊಸ ವಸ್ತುಗಳ ಹೆಸರು ಕಲಿಯುವ ಪ್ರಯೋಗದ ಮಾತು. ಅಲ್ಲಿ ಗೊತ್ತಿಲ್ಲ ಅಂದವರು ಅಷ್ಟಕ್ಕೇ ನಿಲ್ಲುತ್ತಾರೆ. ಡಾಕ್ಟರ್ ಹಾಗೆ ನಿಲ್ಲಲಿಲ್ಲ. ಅಪ್ಪ ನಿಂತರು.

ಹೊಸ ಕ್ರಮ

ಡಾಕ್ಟರ್ ಸಲಹೆಯಂತೆ ಒಬ್ಬ ಆಪ್ತಸಮಾಲೋಚಕರ ಜೊತೆ ಕೆಲವು ಸಲ ಕೂತರು. ರೋನಾ ಲೆವಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಥ ನೋವಿರುವ 200 ಮಕ್ಕಳು ಮತ್ತು ಅವರ ತಂದೆತಾಯಿ ಇದ್ದರು. ಒಂದು ಗುಂಪಿನ ಜೊತೆ ಮೂರು ಸಲ ಕೂತು ಯೋಚನೆ, ವರ್ತನೆ ಬದಲಿಸುವ ಬಗೆಯನ್ನು ಹೇಳಿಕೊಟ್ಟರು. ತಂದೆತಾಯಿ ಹೇಳಿದ ಪ್ರಕಾರ, ಸುಮ್ಮನೆ ಮಾಹಿತಿ ಪಡೆದ ಗುಂಪಿಗಿಂತ ಆ ಮಕ್ಕಳ ನೋವು ಜಾಸ್ತಿ ಇಳಿಯಿತು. ಕಲಿತವರಲ್ಲಿ ತಂದೆತಾಯಿಯೂ ಇದ್ದರು ಅನ್ನುವುದು ನನಗೆ ಮುಖ್ಯ ಅನ್ನಿಸುತ್ತದೆ.

ಈ ಮನೆಯಲ್ಲಿ ಮೊದಲು ಬದಲಾದದ್ದು ಬೆಳಗಿನ ಪ್ರಶ್ನೆ. ‘ಹೊಟ್ಟೆ ಹೇಗಿದೆ?’ ಅಂತ ಕೇಳುವುದನ್ನು ನಿಲ್ಲಿಸಿದರು. ನೋವಿದ್ದರೆ ಅವಳೇ ಹೇಳುತ್ತಾಳೆ. ಇದು ಅಮ್ಮನಿಗೆ ತುಂಬ ಕಷ್ಟವಾಯಿತು. ಕೇಳದೆ ಇರುವುದು ಕಲ್ಲುಮನಸ್ಸು ಅನ್ನಿಸಿತು ಅವರಿಗೆ. ಹಾಗನ್ನಿಸುವುದು ಅವರೊಬ್ಬರಿಗಲ್ಲ. ಲಿನ್ ವಾಕರ್ ಮತ್ತು ತಂಡದವರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳಿಗೆ ಹೊಟ್ಟೆ ತುಂಬುವಷ್ಟು ನೀರು ಕುಡಿಸಿದರು. ಕೆಲವು ತಂದೆತಾಯಿಗೆ ನೋವಿನ ಕಡೆ ಗಮನ ಕೊಟ್ಟು ಮಾತಾಡಲು, ಕೆಲವರಿಗೆ ಬೇರೆ ಮಾತಿನ ಕಡೆ ಗಮನ ತಿರುಗಿಸಲು ಹೇಳಿಕೊಟ್ಟರು. ಉಳಿದವರಿಗೆ ಏನೂ ಹೇಳಲಿಲ್ಲ. ಏನೂ ಹೇಳದವರ ಮಕ್ಕಳಿಗೆ ಹೋಲಿಸಿದರೆ, ಗಮನ ಕೊಟ್ಟವರ ಮಕ್ಕಳ ದೂರು ಹೆಚ್ಚುಕಡಿಮೆ ಎರಡರಷ್ಟಾಯಿತು. ಗಮನ ತಿರುಗಿಸಿದವರ ಮಕ್ಕಳ ದೂರು ಅರ್ಧಕ್ಕೆ ಇಳಿಯಿತು. ವಿಚಿತ್ರ ಅಂದರೆ, ನೋವಿನ ತೊಂದರೆ ಇದ್ದ ಮಕ್ಕಳ ತಂದೆತಾಯಿಗೆ ಗಮನ ತಿರುಗಿಸುವುದೇ ಮಗುವಿಗೆ ಕೆಟ್ಟದ್ದು ಮಾಡುವಂಥದ್ದು ಅನ್ನಿಸಿತ್ತು. ಮಕ್ಕಳಿಗೆ ಹಾಗನ್ನಿಸಿರಲಿಲ್ಲ.

ಶಾಲೆಯ ವಿಷಯವನ್ನು ಅಪ್ಪನೇ ಕೂರಿಸಿಕೊಂಡು ಹೇಳಿದರು. ಮಾತು ಹೀಗಿತ್ತು: ‘ನಾಳೆ ನೋವು ಬರುತ್ತೋ ಇಲ್ವೋ ನಂಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಆದ್ರೆ ಸ್ಕೂಲಿಗೆ ಹೋಗೋದು ನಾನು ಅಮ್ಮ ಮಾಡಿರೋ ತೀರ್ಮಾನ, ನಿಂದಲ್ಲ. ಜ್ವರ, ವಾಂತಿ ಇದ್ರೆ ಮನೇಲಿ ಇರ್ತೀಯ. ಬರೀ ನೋವಿದ್ರೆ ಹೋಗ್ತೀಯ. ಅಲ್ಲಿ ಜಾಸ್ತಿ ಆದ್ರೆ ಟೀಚರ್ ಹತ್ರ ಹೇಳಿ ಸ್ವಲ್ಪ ಹೊತ್ತು ಮಲಗು, ಆಮೇಲೆ ಕ್ಲಾಸಿಗೆ ಹೋಗು. ಈ ತೀರ್ಮಾನ ತಪ್ಪಾದ್ರೆ ತಪ್ಪು ನಮ್ದು.’

ಅವಳು ಅತ್ತಳು. ನೀವು ಕೆಟ್ಟವರು ಅಂದಳು. ಮರುದಿನ ಹೋದಳು. ಟೀಚರ್‌ಗೆ ಮೊದಲೇ ಹೇಳಿದ್ದರಿಂದ ಅಲ್ಲಿ ತೊಂದರೆಯಾಗಲಿಲ್ಲ.

ನೋವು ಬಂದಾಗ ಮಾಡಲು ನಿಧಾನವಾಗಿ ಹೊಟ್ಟೆ ತುಂಬ ಉಸಿರು ತೆಗೆದುಕೊಳ್ಳುವ ಅಭ್ಯಾಸ ಕಲಿಸಿದರು. ಅದು ಎಷ್ಟು ಕೆಲಸ ಮಾಡಿತು, ಹೇಳುವುದು ಕಷ್ಟ. ಹುಡುಗಿಯೇ ‘ಕೆಲವೊಮ್ಮೆ’ ಅನ್ನುತ್ತಾಳೆ.

ಇನ್ನೊಂದು ಕೆಲಸವನ್ನು ಅಮ್ಮ ಯಾರೂ ಹೇಳದೆ ತಾವೇ ಮಾಡಿದರು. ಮಗಳನ್ನು ಕರೆದುಕೊಂಡು ಆ ಸಹಪಾಠಿಯ ಮನೆಗೆ ಹೋಗಿ ಕ್ಷಮೆ ಕೇಳಿದರು. ಮಗಳು ಕೇಳುವುದಕ್ಕೆ ಮೊದಲು ಅವರೇ ಕೇಳಿದರು. ‘ನಾನು ಬಲವಂತ ಮಾಡಿ ಕೇಳಿದ್ದರಿಂದ ಹೀಗಾಯ್ತು’ ಅಂತ ಆ ಹುಡುಗನಿಗೇ ಹೇಳಿದರಂತೆ. ಅವನು ಪೆನ್ಸಿಲ್ ವಾಪಸ್ ಕೊಡಲೇ ಅಂತ ಕೇಳಿದನಂತೆ, ಪಾಪ.

ಅಡುಗೆಮನೆಯ ಪಿಸುಮಾತೂ ನಿಂತಿತು. ಪೂರ್ತಿ ನಿಂತಿತು ಅಂದರೆ ಸುಳ್ಳಾಗುತ್ತದೆ. ಗಂಡ ಹೆಂಡತಿಗೆ ತಮ್ಮ ತಮ್ಮಲ್ಲೇ ಹೆದರಲು ಒಂದು ಜಾಗ ಬೇಕು. ಮಗುವಿನ ಮುಂದೆ ಎಲ್ಲವನ್ನೂ ಬಿಚ್ಚಿಡುವುದೇ ಪಾರದರ್ಶಕತೆ ಅಂತ ನಾನು ನಂಬುವುದಿಲ್ಲ. ಅವರು ಮಾಡಿದ ಏರ್ಪಾಡು ಸರಳ: ಡಾಕ್ಟರ್ ಹೇಳಿದ್ದನ್ನೆಲ್ಲ ಅದೇ ದಿನ ಮಗಳಿಗೂ ಹೇಳುವುದು, ತಮ್ಮ ಊಹೆಗಳನ್ನು ತಮ್ಮಲ್ಲೇ ಇಟ್ಟುಕೊಳ್ಳುವುದು.

ಈಗಿನ ಸ್ಥಿತಿ

ನೋವು ಹೋಗಿಲ್ಲ. ಕಡಿಮೆಯಾಗಿದೆ. ಬಂದರೂ ಬೇಗ ಹೋಗುತ್ತದೆ. ಶಾಲೆ ತಪ್ಪುವುದು ಅಪರೂಪ. ಬದಲಾದ ವರ್ತನೆಯಿಂದಲೇ ಹೀಗಾಯಿತು ಅಂತ ನಾನು ಹೇಳಲಾರೆ. ತಾನಾಗಿ ಇಳಿಯುವ ಕಾಲ ಬಂದಿದ್ದಿರಬಹುದು. ಹಾಲಿನ ವಿಷಯದಲ್ಲಿ ಅಪ್ಪ ಕೊಟ್ಟ ತೀರ್ಪನ್ನು ಇಲ್ಲಿ ನಾನೇ ಮತ್ತೆ ಕೊಟ್ಟರೆ ಚೆನ್ನಾಗಿರುವುದಿಲ್ಲ. ಎಚ್ಚರದ ಸೂಚನೆಗಳ ಪಟ್ಟಿ ಅವರ ಹತ್ತಿರ ಇದೆ. ಅದರಲ್ಲಿ ಯಾವುದಾದರೂ ಕಂಡರೆ ಮತ್ತೆ ಪರೀಕ್ಷೆ. ತೂಕ, ಎತ್ತರವನ್ನು ಡಾಕ್ಟರ್ ಆಗಾಗ ನೋಡುತ್ತಾರೆ.

ಅಜ್ಜಿ ಇನ್ನೂ ನಾಟಕ ಅಂತಲೇ ಅನ್ನುತ್ತಾರೆ, ಮೊಮ್ಮಗಳ ಮುಂದೆ ಅಲ್ಲ ಅಷ್ಟೇ. ಅದೊಂದು ವಿಷಯಕ್ಕೆ ಅಪ್ಪ ತಮ್ಮ ಅಮ್ಮನ ಹತ್ತಿರ ಗಟ್ಟಿಯಾಗಿ ಮಾತಾಡಬೇಕಾಯಿತು. ಜೀವನದಲ್ಲಿ ಮೊದಲ ಸಲ ಅಂತೆ. ಮಗಳ ಕಾಯಿಲೆಗಿಂತ ಅದು ಕಷ್ಟವಾಗಿತ್ತು ಅಂತ ನಗುತ್ತಾರೆ.

ಮಗಳು ಅಪ್ಪನ ಲೆಕ್ಕವನ್ನು ಈಗಲೂ ಟೀಚರ್ ಹತ್ತಿರ ತೋರಿಸಿಕೊಂಡು ಬರುತ್ತಾಳೆ. ಹಳೆಯ ನಂಬಿಕೆ ಹಾಗೇ ವಾಪಸ್ಸು ಬಂದಿಲ್ಲ. ಒಂಬತ್ತು ಹತ್ತರ ವಯಸ್ಸಿನಲ್ಲಿ ಅದು ಹೇಗೂ ಹೋಗಬೇಕಾದದ್ದೇ ಅಂತ ಅಮ್ಮನ ವಾದ. ಇಷ್ಟು ಬೇಗ ಹೋಗಬೇಕಿರಲಿಲ್ಲ ಅಂತ ಅಪ್ಪನ ವಾದ. ಇಬ್ಬರೂ ಇದರ ಬಗ್ಗೆ ಈಗಲೂ ಜಗಳ ಆಡುತ್ತಾರೆ, ಮಗಳ ಎದುರಿಗೇ. ಹೋದ ತಿಂಗಳು ಅವಳು ಟೂರಿಗೆ ಹೋಗುವ ಮಾತು ಬಂದಾಗ ಮತ್ತೆ ಶುರುವಾಯಿತು. ದಾರಿಯಲ್ಲಿ ನೋವು ಬಂದರೆ ಏನು ಗತಿ ಅಂತ ಅಮ್ಮ, ಬಂದರೆ ಬರಲಿ ಅಂತ ಅಪ್ಪ. ಇಬ್ಬರೂ ಒಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ಹೆಸರು ಕೊಡುವ ದಿನ ದಾಟಿಹೋಗಿತ್ತು. ಅವಳು ಎರಡು ದಿನ ಇಬ್ಬರ ಜೊತೆಗೂ ಮಾತು ಬಿಟ್ಟಿದ್ದಳು.